62 ಪರ್ಸೆಂಟಿಗೆ ನಿಂತ ಹಾಡು

ಮಳೆಗಾಲದಲ್ಲಿ ಅಪ್ಪ ಫೋನ್ ಮಾಡಿದರೆ ವಿಷಯ ಎರಡೇ. ಎಷ್ಟು ಇಂಚು ಮಳೆ ಬಂತು, ಆನೆ ಈಗ ಯಾರ ತೋಟದಲ್ಲಿದೆ. ಅದೂ ಬೆಳಿಗ್ಗೆ ಕಾಫಿ ಕುಡಿದ ಮೇಲೆ. ಹಾಗಾಗಿ ಕಳೆದ ಜುಲೈನ ಒಂದು ರಾತ್ರಿ ಹತ್ತೂವರೆಗೆ ಅಪ್ಪನ ಹೆಸರು ಸ್ಕ್ರೀನ್ ಮೇಲೆ ಬಂದಾಗ ಎದೆ ಧಸಕ್ ಅಂತು. ಆಫೀಸಿನ ಕಾಲ್‌ನಲ್ಲಿದ್ದೆ. ಮ್ಯೂಟ್ ಒತ್ತಿ ಫೋನ್ ಎತ್ತಿದೆ.

"ಲೋ, ಇಂಪೋರ್ಟ್ ಅಂದ್ರೆ ಎಷ್ಟೊತ್ತು ಆಗ್ಬೇಕು?"

ನಮ್ಮ ಕಡೆ ಮೆಣಸು ಬೆಳೆಯುವವರ ಬಾಯಲ್ಲಿ ಇಂಪೋರ್ಟ್ ಅಂದರೆ ವಿಯೆಟ್ನಾಂ ಮೆಣಸು. ರೇಟು ಬಿದ್ದುಹೋಯ್ತೇನೋ ಅಂದುಕೊಂಡೆ.

"ಯಾವ ಇಂಪೋರ್ಟು?"

"ಅದೇ, ಕರೋಕೆದು. ನಿಮ್ಮ ಚಿಕ್ಕಪ್ಪಂದು."

ನನಗೆ ನಗು ಬಂತು. ಅಪ್ಪ ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ದೇವರ ಕೋಣೆಯಲ್ಲೂ ತುಟಿ ಮಾತ್ರ ಆಡಿಸುವ ಮನುಷ್ಯ. ಅರವತ್ತೈದು ದಾಟಿದ ಮೇಲೆ, ಹೊರಗೆ ಜಡಿಮಳೆ ಹುಯ್ಯುತ್ತಿರುವಾಗ, ಕಂಪ್ಯೂಟರ್ ಮುಂದೆ ಕೂತು ಕರೋಕೆ ಹಾಡುಗಳನ್ನು ತುಂಬಿಸುತ್ತಿದ್ದಾನೆ! ಒಳ್ಳೇದೇ ಆಯ್ತು, ಟೈಂಪಾಸ್ ಆಗುತ್ತೆ ಅಂದುಕೊಂಡು "ಶನಿವಾರ ನೋಡ್ತೀನಿ ಅಪ್ಪ" ಅಂತ ಇಟ್ಟೆ.

ನಮ್ಮೂರು ಮಾರನಹಳ್ಳಿ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ, ದೋಣಿಗಾಲ್ ದಾಟಿ ಶಿರಾಡಿ ಘಾಟಿಯ ಕಡೆ ಹೋಗುವಾಗ ಸಿಗುತ್ತೆ. ಮಳೆಗಾಲದ ಸುದ್ದಿಗಳಲ್ಲಿ 'ಮಾರನಹಳ್ಳಿ–ಅಡ್ಡಹೊಳೆ ನಡುವೆ ಸಂಚಾರ ಬಂದ್' ಅಂತ ನೀವೂ ಓದಿರ್ತೀರಿ. ಆ ಮಾರನಹಳ್ಳಿ. ಗಾಳಿ ಬೀಸಿದರೆ ಲೈನ್ ಮೇಲೆ ಮರ ಬೀಳುತ್ತೆ, ಮರ ಬಿದ್ದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತೆ. ಈ ಮೂರೂ ನೆಟ್ಟಗಿರುವ ಗಳಿಗೆಯಲ್ಲಿ ಮಾತ್ರ ನಾನು ಬೆಂಗಳೂರಿಂದ ಮನೆಯ ಕಂಪ್ಯೂಟರ್ ನೋಡಬಹುದು.

ಚಿಕ್ಕಪ್ಪನ ಬಗ್ಗೆ ಹೇಳಬೇಕು. ಅವನಿಗೆ ಮದುವೆ ಆಗಿರಲಿಲ್ಲ, ನಮ್ಮ ಜೊತೆಯೇ ಇದ್ದ. ತೋಟದಲ್ಲಿ ಪಾಲಿತ್ತು, ಮನಸ್ಸು ಮಾತ್ರ ಮೈಕಿನ ಮೇಲೆ. ಮೊದಲು ಸ್ನೇಹಿತರ ಜೊತೆ ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಗಣಪತಿ ಹಬ್ಬ, ರಾಜ್ಯೋತ್ಸವ, ಸುತ್ತಲಿನ ಊರುಗಳ ಮದುವೆ. ಆಮೇಲೆ ಕೀಬೋರ್ಡ್ ನುಡಿಸುವವನು ಮಂಗಳೂರಿಗೆ ಹೋದ, ರಿದಂ ಪ್ಯಾಡಿನವನು ಗಲ್ಫಿಗೆ ಹೋದ. ಉಳಿದದ್ದು ಇವನು, ಎರಡು ಸ್ಪೀಕರ್ ಮತ್ತು ಒಂದು ಕಂಪ್ಯೂಟರ್. ಕರೋಕೆ ಅನ್ನುವ ಜಪಾನಿ ಪದಕ್ಕೆ 'ಖಾಲಿ ಆರ್ಕೆಸ್ಟ್ರಾ' ಅಂತ ಅರ್ಥವಂತೆ. ಚಿಕ್ಕಪ್ಪನ ಮಟ್ಟಿಗೆ ಅದು ಅಕ್ಷರಶಃ ನಿಜ.

ಈ ಯಂತ್ರವನ್ನು 1971ರಲ್ಲಿ ಕೋಬೆ ನಗರದಲ್ಲಿ ಮಾಡಿದ್ದು ದೈಸುಕೆ ಇನೋಯೆ ಅನ್ನುವ ಬ್ಯಾಂಡ್ ಕಲಾವಿದ. ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಪ್ರಪಂಚವೆಲ್ಲ ಹಾಡಿದರೂ ಅವನಿಗೆ ಸಿಗಬೇಕಾದ ದುಡ್ಡು ಸಿಗಲಿಲ್ಲ. 2004ರಲ್ಲಿ ತಮಾಷೆಯ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನು ಕಲಿಯೋಕೆ ಹೊಸ ದಾರಿ ತೋರಿಸಿದ್ದಕ್ಕಂತೆ. ನಮ್ಮ ಮನೆಯಲ್ಲಿ ಅದು ಕೆಲಸ ಮಾಡಲಿಲ್ಲ. "ಕುಯ್ಲಿನ ಹೊತ್ತಲ್ಲಿ ತೋಟ ಬಿಟ್ಟು ಮೈಕ್ ಹಿಡ್ಕಂಡು ತಿರುಗ್ತಾನೆ" ಅಂತ ಅಪ್ಪ ಗೊಣಗುತ್ತಿದ್ದ. ಚಿಕ್ಕಪ್ಪ ಎದುರು ಮಾತಾಡುತ್ತಿರಲಿಲ್ಲ, ತನ್ನ ರೂಮಿನ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಸಕಲೇಶಪುರದ ಆಸ್ಪತ್ರೆ ತಲುಪುವ ಮುಂಚೆಯೇ.

ಅವನು ಬಿಟ್ಟು ಹೋದ ಆಸ್ತಿ ಅಂದರೆ ಒಂದು 500 ಜಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಅದರಲ್ಲಿ ಸುಮಾರು 9,400 ಟ್ರ್ಯಾಕ್. ಜೋಡಿಸಿದ ರೀತಿ ಅವನದೇ. ರಾಜ್‌ಕುಮಾರ್ ಹಾಡುಗಳಿಗೆ ಎರಡು ಫೋಲ್ಡರ್: '1974ರ ಹಿಂದೆ', '1974ರ ಮುಂದೆ'. ಚಿಕ್ಕವನಿದ್ದಾಗ ಕೇಳಿದ್ದೆ, ಇದೇನು ಲೆಕ್ಕ ಅಂತ. 1974ರ 'ಸಂಪತ್ತಿಗೆ ಸವಾಲ್'ವರೆಗೆ ಅಣ್ಣಾವ್ರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಹಾಡಿದರು, ಆಮೇಲೆ ಹೆಚ್ಚಾಗಿ ಅಣ್ಣಾವ್ರೇ ಹಾಡಿಕೊಂಡರು. "ಹಿಂದಿನವಕ್ಕೆ ಗಂಟಲು ಸಣ್ಣ ಮಾಡ್ಬೇಕು, ಮುಂದಿನವಕ್ಕೆ ಎದೆ ಬಿಡ್ಬೇಕು" ಅಂದಿದ್ದ. ಫೈಲ್ ಹೆಸರಿನ ಕೊನೆಯಲ್ಲಿ 'ಮೈನಸ್ 2', 'ಮೈನಸ್ 1' ಅಂತಿರುತ್ತಿತ್ತು. ತನ್ನ ಶ್ರುತಿಗೆ ಎಷ್ಟು ಇಳಿಸಬೇಕು ಅನ್ನುವ ಲೆಕ್ಕ.

ಇನ್ನು ನನ್ನ ಪಾಲಿನ ತಪ್ಪು ನಂಬರ್ ಒಂದು. ಕಳೆದ ದಸರಾಕ್ಕೆ ಊರಿಗೆ ಹೋದಾಗ ಚಿಕ್ಕಪ್ಪನ ಕಂಪ್ಯೂಟರ್ ಆಮೆ ಥರ ಇದೆ ಅಂತ ನಾನೇ ಅದನ್ನು ಫಾರ್ಮ್ಯಾಟ್ ಮಾಡಿದ್ದೆ. ಹಾಡುಗಳು ಹೇಗೂ ಹೊರಗಿನ ಡಿಸ್ಕಿನಲ್ಲಿವೆ, ಏನಾಗುತ್ತೆ ಅಂದುಕೊಂಡೆ. ಕರೋಕೆ ಸಾಫ್ಟ್‌ವೇರ್ ಮತ್ತೆ ಹಾಕಿಕೊಟ್ಟೆ. ಅದರೊಳಗಿದ್ದ ಹಾಡುಗಳ ಪಟ್ಟಿ, ಅಂದರೆ ಚಿಕ್ಕಪ್ಪ ವರ್ಷಗಟ್ಟಲೆ ತಿದ್ದಿ ಮಾಡಿದ ಲೈಬ್ರರಿ, ಅಳಿಸಿಹೋಗಿತ್ತು. ಅದಕ್ಕೇ ಈಗ ಅಪ್ಪ ಮೊದಲಿಂದ ಇಂಪೋರ್ಟ್ ಮಾಡುತ್ತಿದ್ದ.

ಶನಿವಾರ ವಿಡಿಯೋ ಕಾಲ್ ಮಾಡಿದೆ. ಸಿಗ್ನಲ್ ಎರಡು ಕಡ್ಡಿ. ಅವ್ವ ಫೋನ್ ಹಿಡಿದು ನಿಂತಳು, ಸ್ಕ್ರೀನಿಗಿಂತ ಅವಳ ಹೆಬ್ಬೆರಳೇ ಹೆಚ್ಚು ಕಾಣುತ್ತಿತ್ತು. ಲೆಕ್ಕ ಹಾಕಿದೆ: ನಿಮಿಷಕ್ಕೆ ಹದಿನೈದು ಹಾಡು ಒಳಗೆ ಹೋಗುತ್ತಿವೆ. 9,400ಕ್ಕೆ ಹತ್ತೂವರೆ ಗಂಟೆ. ನಮ್ಮೂರಿನ ಮಳೆಗಾಲದಲ್ಲಿ ಒಂದೇ ಸಮ ಹತ್ತೂವರೆ ಗಂಟೆ ಕರೆಂಟ್ ಇರುವುದು ಉಂಟೇ? ನಡುವೆ ಕರೆಂಟ್ ಹೋದರೆ ಈ ಸಾಫ್ಟ್‌ವೇರ್ ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ.

ಇಲ್ಲಿ ಸ್ವಲ್ಪ ಇಂಜಿನಿಯರ್ ಬುದ್ಧಿ ತೋರಿಸುತ್ತೇನೆ, ಸಹಿಸಿಕೊಳ್ಳಿ. ಇಂಪೋರ್ಟ್ ಅಂದರೆ ಹಾಡನ್ನು ಕಾಪಿ ಮಾಡುವುದಲ್ಲ. ಸಾಫ್ಟ್‌ವೇರ್ ಪ್ರತಿ ಫೈಲನ್ನೂ ತೆರೆದು ಹೆಸರು, ಗಾಯಕರು, ಅವಧಿ ಓದಿ ತನ್ನ ಡೇಟಾಬೇಸಿಗೆ ಬರೆದುಕೊಳ್ಳುತ್ತೆ. ಒಂದೊಂದೇ ಹಾಡನ್ನು ಬರೆದು 'ಡಿಸ್ಕಿಗೆ ಸೇರಿತು' ಅಂತ ಖಾತ್ರಿ ಮಾಡಿಕೊಂಡರೆ ನಿಧಾನ, ಯಾಕಂದರೆ ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಕೂಡ ಸೆಕೆಂಡಿಗೆ ತಿರುಗುವುದು 120 ಸುತ್ತೇ, ಪ್ರತಿ ಖಾತ್ರಿಗೂ ಆ ಸುತ್ತಿಗೆ ಕಾಯಬೇಕು. ಎಲ್ಲವನ್ನೂ ಕೊನೆಗೆ ಒಂದೇ ಸಲ ಬರೆದರೆ ಬೇಗ ಆಗುತ್ತೆ, ಆದರೆ ನಡುವೆ ಕರೆಂಟ್ ಹೋದರೆ ಅಷ್ಟೂ ನೀರಲ್ಲಿ ಹೋಮ. ಐನೂರಕ್ಕೊಂದು ಸಲ ಬರೆದುಕೊಂಡರೆ ಎರಡೂ ನಿಭಾಯಿಸಬಹುದಿತ್ತು. ಆಫೀಸಿನಲ್ಲಿ ನನ್ನ ಕೆಲಸವೇ ಡೇಟಾ ಪೈಪ್‌ಲೈನ್. ಇಂಥ ಕೋಡ್ ಯಾರಾದರೂ ತಂದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತೇನೆ.

ಇನ್ನು ಕರೋಕೆ ಫೈಲುಗಳದ್ದು ಬೇರೆ ಕಥೆ. ಹಳೇ ಟ್ರ್ಯಾಕುಗಳು ಜೋಡಿಯಲ್ಲಿರುತ್ತವೆ: ಒಂದು ಎಂಪಿ3, ಇನ್ನೊಂದು ಸಿಡಿಜಿ. ಎಂಪಿ3ಯಲ್ಲಿ ಸಂಗೀತ, ಸಿಡಿಜಿಯಲ್ಲಿ ಪರದೆಯ ಮೇಲೆ ಓಡುವ ಸಾಹಿತ್ಯ. ಅದೂ ಅಕ್ಷರವಾಗಿ ಅಲ್ಲ, ಚಿತ್ರವಾಗಿ. ಆಡಿಯೋ ಸಿಡಿಯಲ್ಲಿ ಹಾಡಿನ ಪಕ್ಕದ ಸಣ್ಣ ಜಾಗದಲ್ಲಿ ತುರುಕಿದ ಚಿತ್ರ ಅದು, 300ಕ್ಕೆ 216 ಚುಕ್ಕಿ, ಒಟ್ಟು ಹದಿನಾರೇ ಬಣ್ಣ. 6 ಚುಕ್ಕಿ ಅಗಲ, 12 ಚುಕ್ಕಿ ಎತ್ತರದ ಚೌಕಗಳಲ್ಲಿ ಬಿಡಿಸಬೇಕು. ಇಂಗ್ಲಿಷಿಗಾದರೆ ಸಾಕು, ನಮ್ಮ ಒತ್ತಕ್ಷರಕ್ಕೆ ಒಂದು ಚೌಕ ಸಾಲುವುದಿಲ್ಲ, ಕೆಳಗಿನ ಚೌಕಕ್ಕೂ ಕಾಲು ಚಾಚುತ್ತೆ. ಚಿಕ್ಕಪ್ಪ ನೂರಾರು ಕನ್ನಡ ಹಾಡುಗಳಿಗೆ ಇದನ್ನು ಕೂತು ಮಾಡಿದ್ದ. ಅಪ್ಪ ತೋಟದ ಲೆಕ್ಕ ಬರೆಯುತ್ತಿದ್ದ ಅದೇ ರಾತ್ರಿಗಳಲ್ಲಿ.

ಮೊದಲ ಸಲಹೆ: "ಡಿಸ್ಕಿನ ವೈರನ್ನ ಹಿಂದಿರೋ ನೀಲಿ ತೂತಿಗೆ ಹಾಕಪ್ಪ." ಹಳೇ ಯುಎಸ್‌ಬಿ 2ಕ್ಕೂ ನೀಲಿ ಬಣ್ಣದ ಯುಎಸ್‌ಬಿ 3ಕ್ಕೂ ಕಾಗದದ ಮೇಲೆ ಹತ್ತು ಪಟ್ಟು ವ್ಯತ್ಯಾಸ. ಎರಡನೆಯದು ಆಂಟಿವೈರಸ್. ಇಂಪೋರ್ಟ್ ಫೈಲನ್ನು ಮುಟ್ಟಿದಾಗೆಲ್ಲ ಆಂಟಿವೈರಸ್ಸೂ ಬಂದು ಮೂಸಿ ನೋಡುತ್ತೆ. ಹಾಡುಗಳ ಫೋಲ್ಡರನ್ನು ಮಾತ್ರ ಅದರ ತಪಾಸಣೆಯಿಂದ ಹೊರಗಿಡಿಸಿದೆ. ನಿಮಿಷಕ್ಕೆ ಹದಿನೈದಿದ್ದದ್ದು ಅರವತ್ತಾಯ್ತು. ಎರಡೂವರೆ ಗಂಟೆಯ ಕೆಲಸ. "ನೋಡಿದ್ಯಾ!" ಅಂದೆ. ಅಪ್ಪ "ಹ್ಞೂಂ" ಅಂದ. ಫೋನ್ ಇಟ್ಟು ನಾನು ಬಿರಿಯಾನಿ ಆರ್ಡರ್ ಮಾಡಿದೆ.

ಮಾರನೇ ದಿನ ಫೋನ್. "62 ಪರ್ಸೆಂಟಿಗೆ ನಿಂತದೆ."

"ಸ್ವಲ್ಪ ಹೊತ್ತು ಬಿಡು, ಹೋಗುತ್ತೆ."

"ನಿನ್ನೇನೂ ಅಲ್ಲೇ ನಿಂತಿತ್ತು ಕಣೋ. ಮೊನ್ನೆ ನಿಧಾನಕ್ಕೆ ಹೋಗ್ತಿದ್ದಾಗ್ಲೂ ಅಲ್ಲೇ."

ಈ ಮಾತನ್ನು ಆಫೀಸಿನಲ್ಲಿ ಯಾರಾದರೂ ಹೇಳಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತೆ ಅಂದರೆ ಅದು ನಿಧಾನ ಅಲ್ಲ, ಆ ಜಾಗದಲ್ಲಿ ಏನೋ ಇದೆ ಅಂತ ಅರ್ಥ. ಆದರೆ ಹೇಳಿದ್ದು ಅಪ್ಪ. ನಾನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ "ದೊಡ್ಡ ಫೈಲ್ ಇರ್ಬೇಕು, ರಾತ್ರಿ ಪೂರ್ತಿ ಹಾಕಿ ಮಲಕ್ಕೋ" ಅಂದೆ. ತಪ್ಪು ನಂಬರ್ ಎರಡು.

ಹಿಂದಿನಿಂದ ಅವ್ವನ ದನಿ: "ಆ ಡಬ್ಬಿ ಒಳಗೆ ಟಕ್ ಟಕ್ ಅಂತೈತೆ ಅಂತ ಹೇಳಿ. ಹಲ್ಲಿ ಲೊಚಗುಟ್ಟಿದಂಗೆ."

"ಹಾರ್ಡ್ ಡಿಸ್ಕ್ ಅವ್ವಾ ಅದು. ತಿರುಗುತ್ತೆ, ಸದ್ದು ಬರುತ್ತೆ."

"ಮೊದ್ಲು ಹಂಗೆ ಬರ್ತಿರ್ಲಿಲ್ಲ" ಅಂದಳು. ಚಿಕ್ಕಪ್ಪನ ರೂಮಿನ ಪಕ್ಕವೇ ಅಡುಗೆಮನೆ. ಹದಿನೈದು ವರ್ಷ ಆ ಗೋಡೆಯಾಚೆಯ ಪ್ರತಿ ಸದ್ದೂ ಅವಳಿಗೆ ಗೊತ್ತು. ನಾನು ಅವಳ ಮಾತಿಗೂ ಗಮನ ಕೊಡಲಿಲ್ಲ.

ಅಪ್ಪ ಒಂಬತ್ತು ರಾತ್ರಿ ಹಾಕಿ ಮಲಗಿದ. ನಾನು ಹೇಳಿದ್ದೆ ಅಂತ.

ಆಗಸ್ಟ್ ಮೊದಲ ವಾರದಲ್ಲಿ ಊರಿಗೆ ಹೋದೆ. ಘಾಟಿ ರಸ್ತೆ ಬಂದ್ ಆಗಿತ್ತು, ನಮಗೆ ಘಾಟಿ ಇಳಿಯುವ ಅಗತ್ಯ ಇಲ್ಲದ್ದರಿಂದ ತೊಂದರೆ ಆಗಲಿಲ್ಲ; ಹೆದ್ದಾರಿ ಪಕ್ಕ ಸಾಲಾಗಿ ನಿಂತ ಲಾರಿಗಳನ್ನು ದಾಟಿ ಮನೆ ಸೇರಿದಾಗ ಅವ್ವ ಕಳಲೆ ಪಲ್ಯ, ಅಕ್ಕಿ ರೊಟ್ಟಿ ಮಾಡಿದ್ದಳು. ತಿಂದು ಚಿಕ್ಕಪ್ಪನ ರೂಮಿಗೆ ಹೋದೆ. ಮಳೆಗಾಲದ ರೂಮು, ಗೋಡೆಯೆಲ್ಲ ಬೂಷ್ಟು. ಇಂಪೋರ್ಟ್ 62ರಲ್ಲಿ ನಿಂತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದೆ. ಡಿಸ್ಕ್ 100 ಪರ್ಸೆಂಟ್ ಬ್ಯುಸಿ. ಓದುತ್ತಿರುವ ವೇಗ ಸೆಕೆಂಡಿಗೆ 0.2 ಎಂಬಿ. ನೀವು ಜೀವನದಲ್ಲಿ ಯಾವತ್ತಾದರೂ ಈ ಎರಡು ಅಂಕಿ ಒಟ್ಟಿಗೆ ನೋಡಿದರೆ ಕೈಲಿರುವ ಕೆಲಸ ನಿಲ್ಲಿಸಿ. ನಿಜವಾಗಿ ಕೆಲಸ ಮಾಡುತ್ತಿರುವ ಡಿಸ್ಕ್ ಬ್ಯುಸಿ ಇದ್ದರೆ ವೇಗವೂ ಇರುತ್ತೆ, ಸಣ್ಣ ಸಣ್ಣ ಫೈಲುಗಳಾದರೆ ಸ್ವಲ್ಪ ಕಡಿಮೆ. ಇದು ಘಾಟಿಯ ಕೆಸರಲ್ಲಿ ಹೂತ ಲಾರಿ. ಇಂಜಿನ್ ಬೊಬ್ಬೆ ಹೊಡೆಯುತ್ತೆ, ಚಕ್ರ ಅಲ್ಲಲ್ಲೇ ತಿರುಗುತ್ತೆ. ಇವೆಂಟ್ ವ್ಯೂವರ್ ನೋಡಿದರೆ ಡಿಸ್ಕಿನಲ್ಲಿ ಬ್ಯಾಡ್ ಬ್ಲಾಕ್ ಇದೆ ಅಂತ ವಿಂಡೋಸ್ ಮೂರು ವಾರದಿಂದ ಸಾಲುಸಾಲು ಎಚ್ಚರಿಕೆ ಬರೆದಿಟ್ಟಿದೆ. ಇವೆಂಟ್ ನಂಬರ್ 7. ಪುಟಗಟ್ಟಲೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಟೂಲ್ ಹಾಕಿ ಡಿಸ್ಕಿನ ಸ್ಮಾರ್ಟ್ ವರದಿ ನೋಡಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಳ್ಳುವ ಲೆಕ್ಕಪುಸ್ತಕ ಅದು. ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು ಸೊನ್ನೆ ಇರಬೇಕು. ಇಲ್ಲಿ ಸಾವಿರದ ಲೆಕ್ಕ.

ಆಗ ಗೊತ್ತಾಯ್ತು ಏನಾಗುತ್ತಿತ್ತು ಅಂತ. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ 'ವಾಲ್ಯೂಮ್ ಸಮ ಮಾಡು' ಅನ್ನುವುದು ಆನ್ ಆಗಿತ್ತು. ಅದಿದ್ದರೆ ಇಂಪೋರ್ಟ್ ಹೆಸರು ಮಾತ್ರ ಓದುವುದಿಲ್ಲ, ಇಡೀ ಹಾಡನ್ನು ಮೊದಲಿಂದ ಕೊನೆವರೆಗೆ ಓದಿ ದನಿ ಅಳೆಯುತ್ತೆ. ಹಾಗೆ ಓದುತ್ತ ಓದುತ್ತ ಕೆಟ್ಟ ಜಾಗಕ್ಕೆ ಬಂದಾಗ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ. ಅವ್ವ ಕೇಳಿದ ಟಕ್ ಟಕ್ ಅದು. ಪ್ರತಿ ರಾತ್ರಿ, ಅದೇ ಗಾಯದ ಮೇಲೆ, ಬೆಳಗಿನವರೆಗೆ.

ಡಿಸ್ಕಿನ ವೈರ್ ಎಳೆದೆ. "ಅಪ್ಪ, ಇದು ಹೋಗ್ತಾ ಐತೆ. ಹೋದ್ರೆ ಹೋಗ್ಲಿ ಬಿಡು, ಟ್ರ್ಯಾಕ್ ಎಲ್ಲ ಮತ್ತೆ ಸಿಗ್ತವೆ. ಈಗ ಯೂಟ್ಯೂಬಲ್ಲೇ ಬೇಕಾದಷ್ಟಿದಾವೆ" ಅಂದೆ.

ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವನು ಹಾಡಿದ್ದು ಸಿಗಲ್ವಲ್ಲ" ಅಂದ.

ಚಿಕ್ಕಪ್ಪ ಪ್ರಾಕ್ಟೀಸ್ ಮಾಡುವಾಗ ಸಾಫ್ಟ್‌ವೇರಿನಲ್ಲೇ ರೆಕಾರ್ಡ್ ಮಾಡಿಡುತ್ತಿದ್ದನಂತೆ. ಅಪ್ಪನಿಗೆ ಅದು ಗೊತ್ತಿತ್ತು. ಹುಡುಕಿದ್ದಾನೆ, ಸಿಕ್ಕಿಲ್ಲ. ಯಾಕೆ ಸಿಕ್ಕಿಲ್ಲ ಅಂದರೆ ಚಿಕ್ಕಪ್ಪ ಆ ಫೋಲ್ಡರುಗಳಿಗೆಲ್ಲ ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟಿನಲ್ಲಿ ಹೆಸರಿಟ್ಟಿದ್ದ. ಆ ಫಾಂಟ್ ಇಲ್ಲದ ಕಡೆ ಅವು ಬರೀ ಕೊಕ್ಕೆ, ಚುಕ್ಕೆ, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕರೋಕೆ ಸಾಫ್ಟ್‌ವೇರಿನ ಪಟ್ಟಿಯಲ್ಲಿ ಮಾತ್ರ ಚಿಕ್ಕಪ್ಪ ಆ ಫಾಂಟ್ ಹೊಂದಿಸಿದ್ದರಿಂದ ಹೆಸರು ಕನ್ನಡದಲ್ಲಿ ಕಾಣುತ್ತಿತ್ತು. ಅಪ್ಪ ಅದನ್ನು ನೋಡಿದ್ದ. ಹಾಗಾಗಿ ಎಲ್ಲವೂ ಒಳಗೆ ಹೋದರೆ ಪಟ್ಟಿಯಲ್ಲಿ ತಮ್ಮ ಸಿಗುತ್ತಾನೆ ಅನ್ನುವುದು ಅಪ್ಪನ ಲೆಕ್ಕ. ಹಾಡುವ ಆಸೆಯೇನೂ ಇರಲಿಲ್ಲ. ಆ ಕೊಕ್ಕೆ ಅಕ್ಷರದ ಫೋಲ್ಡರುಗಳು ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳ ನಂತರ ಬರುತ್ತಿದ್ದವು. ಸರಿಯಾಗಿ 62 ಪರ್ಸೆಂಟಿನ ಹತ್ತಿರ.

ಗ್ರೂಪಿನಲ್ಲಿ ಸ್ನೇಹಿತರನ್ನು ಕೇಳಿದೆ. ಒಬ್ಬ ಡಿಸ್ಕನ್ನು ಫ್ರಿಜ್ಜಿನಲ್ಲಿಡು ಅಂದ. ನಮ್ಮೂರಿನ ಮಳೆಗಾಲದ ತೇವದಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದರೆ ಒಳಗೆಲ್ಲ ಬೆವರು ಕಟ್ಟುತ್ತೆ. ದಯವಿಟ್ಟು ಯಾರೂ ಮಾಡಬೇಡಿ. ಅವ್ವ ಹೇಗೂ ಒಪ್ಪಲಿಲ್ಲ, ಫ್ರಿಜ್ಜಿನಲ್ಲಿ ಕಳಲೆ ಇತ್ತು. ಬೆಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರಿದ್ದಾರೆ, ಡಿಸ್ಕ್ ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಅಥವಾ ಕಂಪ್ಯೂಟರಿಗೆ ಕಾಣಿಸದೇ ಹೋದರೆ ಅಲ್ಲಿಗೇ ಕೊಡಬೇಕು, ಮನೆಯಲ್ಲಿ ಕೈ ಹಾಕಬಾರದು. ನಮ್ಮದು ಇನ್ನೂ ಮಾತಾಡುತ್ತಿತ್ತು. ಅಪ್ಪನನ್ನು ಕೇಳಿದೆ. "ನೀನೇ ಮಾಡು" ಅಂದ. ಇಷ್ಟೆಲ್ಲ ಆದ ಮೇಲೂ.

ಶನಿವಾರ ಸಕಲೇಶಪುರಕ್ಕೆ ಹೋಗಿ 1 ಟಿಬಿ ಎಸ್‌ಎಸ್‌ಡಿ ತಂದೆ. ನನ್ನ ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಿಂದ ಲಿನಕ್ಸಿನಲ್ಲಿ ತೆರೆದು ಡಿಡಿರೆಸ್ಕ್ಯೂ ಶುರು ಮಾಡಿದೆ. ಮಾಮೂಲಿ ಕಾಪಿ ಮಾಡುವ ಪ್ರೋಗ್ರಾಮು ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುತ್ತೆ. ಇದು ಹಾಗಲ್ಲ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬಂದದ್ದನ್ನೆಲ್ಲ ಎತ್ತಿಕೊಳ್ಳುತ್ತೆ, ಕಷ್ಟದ ಜಾಗ ಕಂಡರೆ ಹಾರಿ ಮುಂದೆ ಹೋಗುತ್ತೆ. ಆಮೇಲೆ ವಾಪಸ್ ಬಂದು, ಹಿಂದಿನಿಂದಲೂ ಓದಿ ನೋಡಿ, ಉಳಿದದ್ದನ್ನು ಚೂರುಚೂರಾಗಿ ಕೆರೆಯುತ್ತೆ. ಎಲ್ಲಿವರೆಗೆ ಬಂದೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಂಡಿರುತ್ತೆ. ಕರೆಂಟ್ ಹೋದರೂ ನಿಂತಲ್ಲಿಂದಲೇ ಶುರು.

ಇದನ್ನು ಅಪ್ಪನಿಗೆ ವಿವರಿಸುತ್ತಿದ್ದೆ. ಅರ್ಧಕ್ಕೇ ತಡೆದ. "ಫ್ಲೈ ಪಿಕಿಂಗ್ ಅನ್ನು." ಕಾಫಿ ಕುಯ್ಲಿನಲ್ಲಿ ಮೊದಲು ಹಣ್ಣಾದದ್ದನ್ನು ಮಾತ್ರ ಆರಿಸಿಕೊಂಡು ಹೋಗುವ ಸುತ್ತು ಅದು. ಆಮೇಲೆ ದೊಡ್ಡ ಕುಯ್ಲು, ಕೊನೆಗೆ ಗಿಡದಲ್ಲಿ ಉಳಿದದ್ದು, ನೆಲಕ್ಕೆ ಬಿದ್ದದ್ದು ಆಯುವುದು. ಹೌದು, ಅದೇ. ನಾನು ಆಫೀಸಿನಲ್ಲಿ ಇದನ್ನು ವಿವರಿಸೋಕೆ ಹತ್ತು ಸ್ಲೈಡ್ ಮಾಡುತ್ತಿದ್ದೆ.

ಮೊದಲ ಸುತ್ತಿಗೆ ಮೂರು ಗಂಟೆ ಹಿಡಿಯಿತು. 500 ಜಿಬಿಯಲ್ಲಿ ಎರಡು ಜಿಬಿಗಿಂತ ಸ್ವಲ್ಪ ಕಡಿಮೆ ಬಾಕಿ. ಆ ಎರಡು ಜಿಬಿಗೆ ಭಾನುವಾರ ಇಡೀ ಹೋಯಿತು. ಮಧ್ಯಾಹ್ನ ಕರೆಂಟ್ ಹೋಯ್ತು, ಮನೆಯ ಇನ್ವರ್ಟರ್ ಸಂಜೆವರೆಗೆ ಎಳೆಯಿತು, ಆಮೇಲೆ ನಾನೇ ನಿಲ್ಲಿಸಿದೆ. ರಾತ್ರಿ ಹನ್ನೆರಡಕ್ಕೆ ಲೈಟ್ ಬಂದಾಗ ಅಪ್ಪ ಬಂದು ಎಬ್ಬಿಸಿದ. ಮಲಗಿಯೇ ಇರಲಿಲ್ಲ ಅನ್ನಿಸುತ್ತೆ. ಸೋಮವಾರಕ್ಕೆ ರಜಾ ಹಾಕಿದೆ. ಬೆಳಿಗ್ಗೆ ಹೊತ್ತಿಗೆ 38 ಎಂಬಿ ಉಳಿದಿತ್ತು, ಅದು ಬರಲಿಲ್ಲ. ಅಲ್ಲಿಗೆ ಸಾಕು ಅಂತ ಹಳೇ ಡಿಸ್ಕ್ ತೆಗೆದಿಟ್ಟೆ.

ಹಳೇ ಫಾಂಟ್ ಹುಡುಕಿ ಹಾಕಿದೆ, ವಾಲ್ಯೂಮ್ ಅಳೆಯುವುದನ್ನು ಆಫ್ ಮಾಡಿದೆ, ಹೊಸ ಡಿಸ್ಕಿನಿಂದ ಇಂಪೋರ್ಟ್ ಒತ್ತಿದೆ. 9,400 ಹಾಡು, ಹತ್ತೊಂಬತ್ತು ನಿಮಿಷ. 62 ದಾಟುವಾಗ ಅಪ್ಪ ಎದ್ದು ನಿಂತಿದ್ದ.

ಫೋಲ್ಡರಿನ ಹೆಸರು 'ರಫ್' ಅಂತ. ಒಳಗೆ 31 ರೆಕಾರ್ಡಿಂಗ್. 26 ಪೂರ್ತಿ ಇದ್ದವು. ಒಂದು ತೆರೆಯಲೇ ಇಲ್ಲ, ಅದರ ತಲೆಭಾಗವೇ ಹೋಗಿದೆ, ಇನ್ನೂ ಪ್ರಯತ್ನ ಮಾಡುತ್ತಿದ್ದೇನೆ. ನಾಲ್ಕರಲ್ಲಿ ನಡುನಡುವೆ ಸದ್ದಿಲ್ಲ. ಅವು ವೇವ್ ಫೈಲುಗಳು, ಸೆಕೆಂಡಿಗೆ 1,76,400 ಬೈಟ್. ಓದಲಾಗದ ಜಾಗ ಸೊನ್ನೆಯಾಗಿ ಉಳಿಯುತ್ತೆ, ವೇವ್ ಫೈಲಿನಲ್ಲಿ ಸೊನ್ನೆ ಅಂದರೆ ಮೌನ. ಒಂದು ಎಂಬಿ ಹೋದರೆ ಹೆಚ್ಚುಕಡಿಮೆ ಆರು ಸೆಕೆಂಡ್. 'ಸನಾದಿ ಅಪ್ಪಣ್ಣ'ದ ಹಾಡೊಂದರಲ್ಲಿ ಪಲ್ಲವಿಯ ಎರಡನೇ ಸಾಲೇ ಇಲ್ಲ. ಸ್ಪೀಕರ್ ಸುಮ್ಮನಾದಾಗ ಅಪ್ಪ ಮೆಲ್ಲಗೆ ಆ ಸಾಲು ಹೇಳಿದ, ಹಾಡಿದ ಅನ್ನುವಂತಿಲ್ಲ. ಚಿಕ್ಕಪ್ಪ ವಾಪಸ್ ಬಂದಾಗ ಅಪ್ಪ ಇನ್ನೂ ಸಾಲಿನ ಮಧ್ಯದಲ್ಲಿದ್ದ.

ಇನ್ನೊಂದು ಫೈಲ್ ಅರ್ಧಕ್ಕೇ ನಿಂತಿತು. ಅದೂ ಕೆಟ್ಟಿದೆ ಅಂದುಕೊಂಡು ಮ್ಯಾಪ್ ಫೈಲಿನ ಜೊತೆ ತಾಳೆ ನೋಡಿದೆ. ಇಲ್ಲ, ಆ ಫೈಲಿನ ಒಂದು ಬೈಟೂ ಹೋಗಿಲ್ಲ. ಮತ್ತೆ ಜೋರಾಗಿ ಹಾಕಿ ಕೇಳಿದೆವು. ಹಾಡಿನ ಹಿಂದೆ ದೂರದಲ್ಲಿ ಜೀಪಿನ ಸದ್ದು. ನಮ್ಮದೇ ಜೀಪು, ಸೈಲೆನ್ಸರ್ ಒಡೆದಿದ್ದ ಕಾಲದ್ದು. ಚಿಕ್ಕಪ್ಪ ಹಾಡು ನಿಲ್ಲಿಸಿ "ಅಣ್ಣ ಬಂದ" ಅನ್ನುತ್ತಾನೆ. ಆಮೇಲೆ ಮೌಸ್ ಒತ್ತಿದ ಸದ್ದು. ಅಷ್ಟೇ.

ಅಪ್ಪ ಎದ್ದು ಹೋಗಿ ಜಗುಲಿಯಲ್ಲಿ ನಿಂತ. ಮಳೆ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು, ಪೂರ್ತಿ ಹಾಡಿರೋದು ಯಾವುದಿದೆ ಹಾಕು ಅಂದ.

ಅಡುಗೆಮನೆಯಿಂದ ಬಂದ ಅವ್ವ ಹೊಸ ಡಿಸ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಳಗೆ ತಿರುಗುವ ಚಕ್ರ ಇಲ್ಲ, ಸೂಜಿ ಇಲ್ಲ. ಕಿವಿ ಹತ್ತಿರ ಹಿಡಿದಳು.

"ಇದು ಸದ್ದೇ ಮಾಡಲ್ವಲ್ಲೋ."

"ಹ್ಞೂಂ ಅವ್ವಾ, ಇದು ಹೊಸ ಥರದ್ದು. ಸದ್ದಿಲ್ಲ."

"ಮತ್ತೆ ಇದು ಕೆಟ್ರೆ ನಮಗೆ ಹೆಂಗೆ ಗೊತ್ತಾಗೋದು?"

ಬೆಂಗಳೂರಿಗೆ ಹೊರಡುವ ಮುಂಚೆ 'ರಫ್' ಫೋಲ್ಡರಿನ ಇನ್ನೊಂದು ಕಾಪಿ ಪೆನ್‌ಡ್ರೈವಿಗೆ ಹಾಕಿ ಅವಳ ಬೀರುವಿನಲ್ಲಿಟ್ಟೆ, ಮತ್ತೊಂದನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.